ಕೋವಿ, ಕಾನೂನು ಮತ್ತು ವೈದ್ಯರು

ಕೊಲ್ಲುವವನು ಮನುಷ್ಯನೇ ಹೊರತು ಕೋವಿಯಲ್ಲ. ಆದುದರಿಂದ ಕೋವಿಗೆ ಕಡಿವಾಣ ಹಾಕುವ ಕಾನೂನು ವ್ಯರ್ಥ ಎಂಬ ವಾದವನ್ನು ನಾವು ಆಗಾಗ ಕೇಳುತ್ತೇವೆ. ಇದು ಅರ್ಧಸತ್ಯ. ಯಾವುದೇ ಕೃತ್ಯಕ್ಕೆ ಕರ್ತೃ ಬೇಕು, ನಿಜ. ಆದರೆ ಕರಣವೂ ಬೇಕು. ಕರಣ ಕೈಗೆಟುಕದಿದ್ದರೆ ಕರ್ತೃವಿನ ಕೋಪ ಎಷ್ಟೋ ಸಲ ಕೃತ್ಯಕ್ಕಿಳಿಯುವ ಮುನ್ನವೇ ತಣಿಯುತ್ತದೆ.

ಆಸ್ಟ್ರೇಲಿಯದ ಅನುಭವವನ್ನು ಗಮನಿಸೋಣ. 1996ರ ಏಪ್ರಿಲ್ 28ರಂದು ಟಾಸ್ಮೇನಿಯದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ ಬಂದೂಕುಧಾರಿ 35 ಮಂದಿಯನ್ನು ಕೊಂದನು. ಎರಡು ವಾರ ತುಂಬುವ ಮೊದಲೇ ಪ್ರಧಾನಿ ಜಾನ್ ಹೊವಾರ್ಡ್ ಅವರ ಸರಕಾರ ಮತ್ತು ಅಲ್ಲಿನ ರಾಜ್ಯಗಳು ಒಮ್ಮತಕ್ಕೆ ಬಂದವು. ಪರವಾನಗಿ ಬಿಗಿಯಾಯಿತು, ಸರಸರನೆ ಗುಂಡು ಹಾರಿಸುವ ಬಂದೂಕುಗಳ ಮೇಲೆ ಕಠಿಣ ನಿಷೇಧ ಬಂತು. ಸುಮಾರು 6,50,000 ಬಂದೂಕುಗಳನ್ನು ಹಣ ಕೊಟ್ಟು ಹಿಂಪಡೆದು ನಾಶಪಡಿಸಲಾಯಿತು. ಅದಕ್ಕೆ ಮುಂಚಿನ 18 ವರ್ಷಗಳಲ್ಲಿ 13 ಸಾಮೂಹಿಕ ಹತ್ಯೆಗಳು ನಡೆದಿದ್ದವು; ಅನಂತರದ 10 ವರ್ಷಗಳಲ್ಲಿ ಅಂಥದ್ದೊಂದೂ ನಡೆಯಲಿಲ್ಲ.

ಗುಂಡೇಟಿನ ಸಾವುಗಳು ಮೊದಲೇ ಇಳಿಮುಖವಾಗಿದ್ದವು ಎಂಬ ಆಕ್ಷೇಪವೂ ಸುಳ್ಳಲ್ಲ. ಆ ಇಳಿಕೆಯಲ್ಲಿ ಕಾನೂನಿನ ಪಾಲೆಷ್ಟು ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಮತವಿದೆ. 2025ರ ಡಿಸೆಂಬರ್‌ನಲ್ಲಿ ಸಿಡ್ನಿಯ ಬಾಂಡೈ ಕಡಲತೀರದಲ್ಲಿ ನಡೆದ ಹತ್ಯಾಕಾಂಡವು ಯಾವ ಕಾನೂನೂ ಪೂರ್ಣ ಕವಚವಲ್ಲವೆಂದು ನೆನಪಿಸಿತು. ಆದರೆ ಎಲ್ಲರನ್ನೂ ಉಳಿಸದ ಕಾನೂನು ಯಾರನ್ನೂ ಉಳಿಸದು ಎನ್ನುವುದು ತರ್ಕವಲ್ಲ.

ಈ ಚರ್ಚೆಯಲ್ಲಿ ವೈದ್ಯರಿಗೇನು ಕೆಲಸ? ಬಂದೂಕುಗಳು ಅತಿ ಹೆಚ್ಚಾಗಿರುವ ಅಮೆರಿಕದಲ್ಲಿ ಈ ಪ್ರಶ್ನೆ ತೀವ್ರವಾಗಿ ಎದ್ದಿತು. 2018ರಲ್ಲಿ ಅಲ್ಲಿನ ರಾಷ್ಟ್ರೀಯ ರೈಫಲ್ ಸಂಘವು ವೈದ್ಯರು ತಮ್ಮ ಎಲ್ಲೆ ಮೀರಬಾರದೆಂದಿತು. ಶಸ್ತ್ರವೈದ್ಯರು ರಕ್ತಸಿಕ್ತ ಉಡುಪುಗಳ ಚಿತ್ರಗಳನ್ನು ಪ್ರಕಟಿಸಿ, ಇದು ನಮ್ಮದೇ ಕ್ಷೇತ್ರವೆಂದು ಉತ್ತರಿಸಿದರು.

ಅವರ ಮಾತಿಗೆ ಇನ್ನೊಂದು ಆಧಾರವೂ ಇದೆ. ಅಮೆರಿಕದ ಗುಂಡೇಟಿನ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದವರಲ್ಲಿ ಬಹುಪಾಲು ಮಂದಿ ಮುಂದೆ ಆ ದಾರಿಯಲ್ಲಿ ಸಾಯುವುದಿಲ್ಲ. ಆದರೆ ಬಂದೂಕು ಹಿಡಿದವರಿಗೆ ಎರಡನೆಯ ಅವಕಾಶ ದೊರೆಯುವುದು ಅಪರೂಪ. ಹೀಗಿರುವಾಗ ಎದೆಗುಂದಿದ ರೋಗಿಯನ್ನು ‘ಮನೆಯಲ್ಲಿ ಬಂದೂಕಿದೆಯೇ?’ ಎಂದು ಕೇಳುವುದು ರಾಜಕೀಯವಲ್ಲ, ಚಿಕಿತ್ಸೆ. ಫ್ಲೋರಿಡ ರಾಜ್ಯವು 2011ರಲ್ಲಿ ಈ ಪ್ರಶ್ನೆಗೆ ನಿರ್ಬಂಧ ಹೇರಿತ್ತು; 2017ರಲ್ಲಿ ಮೇಲ್ಮನವಿ ನ್ಯಾಯಾಲಯವು ಅದನ್ನು ತೆಗೆದುಹಾಕಿತು.

ಕಾನೂನು ಮನುಷ್ಯನ ಹೃದಯವನ್ನು ಬದಲಿಸದು. ಬದಲಾಗಲು ಹೃದಯಕ್ಕೆ ಬೇಕಾದ ಕಾಲಾವಕಾಶವನ್ನು ಅದು ಒದಗಿಸಬಲ್ಲದು. ಉಳಿದದ್ದು ಮನೆಯವರ ಕೈಯಲ್ಲಿದೆ. ಮನೆಯಲ್ಲೊಬ್ಬರು ಮನನೊಂದು ಮೌನವಾದಾಗ ಅವರೊಡನೆ ಮಾತನಾಡೋಣ. ಅಪಾಯದ ವಸ್ತುಗಳನ್ನು ದೂರವಿಡೋಣ. ವೈದ್ಯರ ಬಳಿಗೆ ಕರೆದೊಯ್ಯಲು ಸಂಕೋಚಪಡದಿರೋಣ.