ಕಬ್ಬಿನ ರವದಿಗೆ ಬೆಂಕಿ: ದೇಶದ ಲೆಕ್ಕ ಮತ್ತು ಶ್ರಾವಕರ ಲೆಕ್ಕ

ಮೂಡಲಗಿ ತಾಲೂಕಿನ ಕುಲಗೋಡ ಎಂದರೆ ಹೊರಗಿನವರಿಗೆ ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು. ಸುತ್ತಲಿನವರಿಗೆ ಅದು ಘಟಪ್ರಭಾ ನೀರಿನ, ಕಬ್ಬಿನ ಸೀಮೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಜೈನ ಸಮಾಜದ ಅನೇಕ ಮನೆತನಗಳು ಇಂದಿಗೂ ಒಕ್ಕಲುತನವನ್ನೇ ನಂಬಿಕೊಂಡಿವೆ. ಕಟಾವು ಮುಗಿದ ಮೇಲೆ ಹೊಲದಲ್ಲಿ ಉಳಿದ ರವದಿಗೆ ಕಡ್ಡಿ ಗೀರುವುದು ಇಲ್ಲಿಯ ಹಳೆಯ ರೂಢಿ. ಆ ಹೊಗೆಗೂ ದೇಶದ ದಫ್ತರದಲ್ಲಿ ಒಂದು ಲೆಕ್ಕವಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಭಾರತ ಸರ್ಕಾರ 2008ರ ಜೂನ್ 30ರಂದು ಹವಾಮಾನ ಬದಲಾವಣೆ ಕುರಿತ ರಾಷ್ಟ್ರೀಯ ಕ್ರಿಯಾ ಯೋಜನೆಯನ್ನು ಹೊರತಂದಿತು. ಸೌರಶಕ್ತಿ, ನೀರು, ಸುಸ್ಥಿರ ಕೃಷಿ ಸೇರಿ ಅದರಲ್ಲಿ 8 ಮಿಷನ್‌ಗಳಿದ್ದವು. 2015ರ ಪ್ಯಾರಿಸ್ ಒಪ್ಪಂದದಂತೆ ಪ್ರತಿ ದೇಶವೂ ತನ್ನ ವಚನವನ್ನು ಬರೆದುಕೊಡಬೇಕಾಯಿತು. 2022ರ ಆಗಸ್ಟ್‌ನಲ್ಲಿ ಭಾರತ ತಿದ್ದಿ ಕೊಟ್ಟ ವಚನದ ಮುಖ್ಯ ಅಂಶಗಳು ಎರಡು: 2005ಕ್ಕೆ ಹೋಲಿಸಿ 2030ರೊಳಗೆ ಜಿಡಿಪಿಯ ಹೊಗೆ ಪ್ರಮಾಣವನ್ನು ಶೇ. 45ರಷ್ಟು ಇಳಿಸುವುದು, ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟನ್ನು ಕಲ್ಲಿದ್ದಲು, ತೈಲ, ಅನಿಲ ಬಿಟ್ಟು ಬೇರೆ ಮೂಲಗಳಿಂದ ಪಡೆಯುವುದು. ನಿವ್ವಳ ಶೂನ್ಯದ ಗುರಿ 2070ಕ್ಕೆ.

ಶೇ. 45 ಎಂದರೆ ಒಟ್ಟು ಹೊಗೆ ಅರ್ಧಕ್ಕಿಳಿಯುತ್ತದೆ ಎಂದು ತಿಳಿಯಬಾರದು. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ, 10 ಲಕ್ಷ ವಹಿವಾಟಿಗೆ 1 ಲಕ್ಷದ ಡೀಸೆಲ್ ಸುಡುವ ವ್ಯಾಪಾರಿ 100 ರೂಪಾಯಿ ವಹಿವಾಟಿಗೆ 10 ರೂಪಾಯಿ ಸುಟ್ಟಂತಾಯಿತು. ಅದನ್ನು 5 ರೂಪಾಯಿ 50 ಪೈಸೆಗೆ ಇಳಿಸಿದರೆ ಶೇ. 45 ಉಳಿತಾಯ. ಆದರೆ ಅಷ್ಟರಲ್ಲಿ ವಹಿವಾಟು 30 ಲಕ್ಷವಾದರೆ ಡೀಸೆಲ್ ಖರ್ಚು 1 ಲಕ್ಷ 65 ಸಾವಿರಕ್ಕೆ ಏರಿರುತ್ತದೆ. ಬೆಳೆಯುವ ಬಡ ದೇಶಕ್ಕೆ ಇದು ನ್ಯಾಯದ ಲೆಕ್ಕವೇ ಹೌದು. ಆದರೂ ಹೊಗೆಯೇ ಕಡಿಮೆಯಾಯಿತೆಂದು ಭಾಷಣ ಮಾಡುವುದು ತಪ್ಪು. 2020ರ ಹೊತ್ತಿಗೆ ಈ ಪ್ರಮಾಣ ಶೇ. 36ರಷ್ಟು ಇಳಿದಿತ್ತು.

ವಿದ್ಯುತ್ತಿನ ಗುರಿಯನ್ನು ದೇಶ 2025ರಲ್ಲೇ ಮುಟ್ಟಿತು. ಆದರೆ ಅದು ಸಾಮರ್ಥ್ಯದ ಲೆಕ್ಕ. ಸೂರ್ಯ ಮುಳುಗಿದ ಮೇಲೆ ಸೌರಫಲಕ ಕೆಲಸ ಮಾಡದು; ಆದ್ದರಿಂದ ಬಳಕೆಯಾಗುವ ಯುನಿಟ್‌ಗಳಲ್ಲಿ ಬಹುಪಾಲು ಇನ್ನೂ ಕಲ್ಲಿದ್ದಲಿನದೇ. ಸಕ್ಕರೆ ಕಾರ್ಖಾನೆಗಳು ಬಗಾಸ್ ಎನ್ನುವ ಕಬ್ಬಿನ ಸಿಪ್ಪೆಯಿಂದ ತೆಗೆಯುವ ವಿದ್ಯುತ್ತೂ ಈ ಒಳ್ಳೆಯ ಅರ್ಧದಲ್ಲಿ ಸೇರಿದೆ. ಮನೆಗಳಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನವಿದೆ. ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಯವರು ಇದಕ್ಕೆ ಮುಂದೆ ಬರಲಾರರು, ಅದು ಸಹಜ. ಹೆಚ್ಚು ಬಿಲ್ಲು ಕಟ್ಟುವವರು ಮಾತ್ರ ವಿಚಾರಿಸಿ ನೋಡಬೇಕು.

ಇನ್ನು ರವದಿಯ ಮಾತು. ದೇಶವು ವಿಶ್ವಸಂಸ್ಥೆಗೆ ಸಲ್ಲಿಸುವ ವರದಿಯ ಪ್ರಕಾರ 2020ರ ಹಸಿರುಮನೆ ಅನಿಲಗಳಲ್ಲಿ ಇಂಧನದ ಪಾಲು ಸುಮಾರು ಶೇ. 76, ಕೃಷಿಯದು ಸುಮಾರು ಶೇ. 14. ಕೃಷಿಯಲ್ಲಿ ದನಕರುಗಳ ಪಾಲೇ ದೊಡ್ಡದು. ಹೊಲದಲ್ಲಿ ಸುಡುವ ಕಸದ ಪಾಲು ಚಿಕ್ಕದು. ಅದರಲ್ಲೂ ಇಂಗಾಲದ ಡೈಆಕ್ಸೈಡ್ ಎಣಿಸುವುದಿಲ್ಲ, ಏಕೆಂದರೆ ಮುಂದಿನ ಬೆಳೆ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಮಾತ್ರ ಲೆಕ್ಕಕ್ಕೆ ಬರುತ್ತವೆ. ಹಾಗಾದರೆ ಸುಟ್ಟರೇನು ಎಂದು ಕೇಳುವವರಿದ್ದಾರೆ.

ದೇಶದ ಲೆಕ್ಕದಲ್ಲಿ ಚಿಕ್ಕದಾದರೂ ಶ್ರಾವಕರ ಲೆಕ್ಕದಲ್ಲಿ ಇದು ಚಿಕ್ಕದಲ್ಲ. ಪಂಡಿತ ಆಶಾಧರರ ಸಾಗಾರ ಧರ್ಮಾಮೃತವು ಶ್ರಾವಕರು ಬಿಡಬೇಕಾದ 15 ಖರಕರ್ಮಗಳನ್ನು ಹೇಳುತ್ತದೆ. ಹುಲ್ಲು ಮುಂತಾದವನ್ನು ಸುಡಲು ಬೆಂಕಿ ಇಡುವ ದವದಾನವು ಅದರಲ್ಲಿ ಒಂದು. (ಯಂತ್ರಪೀಡನ, ಅಂದರೆ ಗಾಣ ಆಡಿಸುವುದೂ ಅದೇ ಪಟ್ಟಿಯಲ್ಲಿದೆ, ಕಬ್ಬಿನ ಸೀಮೆಯವರು ಆ ಮಾತನ್ನು ತೆಗೆಯುವುದೇ ಇಲ್ಲ!) ಉಳುಮೆಯಲ್ಲೂ ಜೀವಹಾನಿ ಇದೆ, ಆದರೆ ಅದು ಬದುಕಿಗೆ ಬೇಕಾದ ಉದ್ಯೋಗದ ಹಿಂಸೆ. ರವದಿ ಸುಡದೆ ಬೆಳೆ ತೆಗೆಯಲು ಸಾಧ್ಯವಿರುವಾಗ ಆ ಬೆಂಕಿಗೆ ಅಂಥ ಸಮರ್ಥನೆ ಸಿಗದು. ಇರುವೆ, ಎರೆಹುಳು, ಹಾವು, ಹಕ್ಕಿಗೂಡು, ಬದುವಿನ ಗಿಡ ಎಲ್ಲವೂ ಒಂದೇ ತಾಸಿನಲ್ಲಿ ಹೋಗುತ್ತವೆ.

ನಷ್ಟ ರೈತನಿಗೂ ಇದೆ. ಸುಟ್ಟಾಗ ರವದಿಯ ಸಾರಜನಕ, ಗಂಧಕ ಗಾಳಿಗೆ ಹೋಗುತ್ತವೆ. ಅದನ್ನು ತುಂಬಲು ಮತ್ತೆ ಯೂರಿಯಾ ಚೀಲ ತರಬೇಕು. ಆ ಯೂರಿಯಾ ತಯಾರಿಗೆ ಅನಿಲ ಉರಿಯುತ್ತದೆ, ಹೊಲಕ್ಕೆ ಹಾಕಿದ ಮೇಲೂ ನೈಟ್ರಸ್ ಆಕ್ಸೈಡ್ ಹೊರಡುತ್ತದೆ. ಒಂದು ಕಡ್ಡಿಯ ಹೊಗೆ ಹೀಗೆ ಎರಡು ಮೂರು ಕಡೆ ಜಮೆಯಾಗುತ್ತದೆ.

ಸುಡದಿರುವುದು ಸುಲಭವೆಂದು ಹೇಳಲಾಗದು. ಕೂಲಿಯವರು ಸಿಗುವುದಿಲ್ಲ, ದಪ್ಪ ರವದಿಯಲ್ಲಿ ನೀರು ಹಾಯಿಸುವುದು ಕಷ್ಟ, ಇಲಿಯ ಕಾಟವೂ ಉಂಟು. ಟ್ರ್ಯಾಕ್ಟರಿಗೆ ಕಟ್ಟುವ ರವದಿ ಪುಡಿ ಮಾಡುವ ಯಂತ್ರ ಒಬ್ಬರಿಗೆ ಭಾರವಾದರೂ ನಾಲ್ಕಾರು ಮನೆಗಳು ಕೂಡಿ ಬಾಡಿಗೆಗೆ ತರಬಹುದು. ಅದೂ ಆಗದಿದ್ದರೆ ಕುಳೆ ಕಬ್ಬಿನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಹರಡಿ, ಖಾಲಿ ಸಾಲಿನಲ್ಲಿ ನೀರು ಬಿಡಬಹುದು. ಹೊದಿಕೆಯ ಕೆಳಗೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ಮೊದಲ ವರ್ಷ ಒಂದು ಎಕರೆಯಲ್ಲಿ ಮಾಡಿ ನೋಡಿದರೆ ಸಾಕು, ಮುಂದಿನದನ್ನು ಕುಳೆಯೇ ತೋರಿಸುತ್ತದೆ.