ಪುಕ್ಕಟೆ ಸರಕಿಗೂ ಅಳತೆಗೋಲು

ಮಗ್ಗಕ್ಕೆ ಹೊಂದದ ಬಿಡಿಭಾಗವನ್ನು ಪುಕ್ಕಟೆ ಕೊಟ್ಟರೂ ಬನಹಟ್ಟಿಯ ನೇಕಾರರು ಸ್ವೀಕರಿಸುವುದಿಲ್ಲ. ಬೆಂಗಳೂರಿನಲ್ಲೂ ವಿನ್ಯಾಸ ಕೇಂದ್ರವುಳ್ಳ ಎಎಂಡಿ ಕಂಪನಿಗೂ ಇದೇ ಅನುಭವವಾಯಿತು. ತನ್ನ ಗ್ರಾಫಿಕ್ಸ್ ಕಾರ್ಡುಗಳನ್ನು ನಡೆಸುವ ಡ್ರೈವರಿನ ಸುಮಾರು 93,000 ಸಾಲುಗಳನ್ನು ಅದು 2016ರ ಫೆಬ್ರವರಿಯಲ್ಲಿ ಮುಕ್ತ ತಂತ್ರಾಂಶವಾದ ಲಿನಕ್ಸ್‌ಗೆ ಸಲ್ಲಿಸಿತು. ಇತರ ಕಾರ್ಯನಿರ್ವಹಣಾ ವ್ಯವಸ್ಥೆಗಳಿಗೂ ಅದನ್ನೇ ಬಳಸಲೆಂದು ನಡುವೆ ಹೆಚ್ಚುವರಿ ಪದರವೊಂದನ್ನು ಹೆಣೆದಿತ್ತು. ಇದರಿಂದ ನಿರ್ವಹಣೆಯ ಹೊರೆ ಇತರರ ಮೇಲೆ ಬೀಳುವುದೆಂದು ಲಿನಕ್ಸ್ ಗ್ರಾಫಿಕ್ಸ್ ವಿಭಾಗದ ನಿರ್ವಾಹಕ ಡೇವ್ ಏರ್ಲಿ ಡಿಸೆಂಬರಿನಲ್ಲಿ ನಿರಾಕರಿಸಿದರು.

ನಷ್ಟ ಸಣ್ಣದಲ್ಲ. 2017ರಲ್ಲಿ ಮಾರುಕಟ್ಟೆಗೆ ಬಂದ ವೇಗಾ ಕಾರ್ಡುಗಳು ಈ ಡ್ರೈವರಿಲ್ಲದ ಲಿನಕ್ಸ್‌ನಲ್ಲಿ ಪರದೆಗೆ ಚಿತ್ರವನ್ನೇ ಕಳಿಸುತ್ತಿರಲಿಲ್ಲ. ಕಂಪನಿ ಪದರವನ್ನು ತೆಳುವಾಗಿಸಿ ತಿದ್ದಿತು. ಆ ವರ್ಷದ ನವೆಂಬರಿನಲ್ಲಿ ಸ್ವೀಕೃತಿ ದೊರೆತು, 2018ರ ಜನವರಿಯಲ್ಲಿ 4.15ನೇ ಆವೃತ್ತಿಯೊಡನೆ ಡ್ರೈವರ್ ಗ್ರಾಹಕರನ್ನು ತಲುಪಿತು.

ಸರಕು ಸಿದ್ಧವಾದ ಮೇಲಲ್ಲ, ವಿನ್ಯಾಸಕ್ಕೆ ಮೊದಲೇ ಸ್ವೀಕರಿಸುವವರ ನಿಯಮವನ್ನು ಅರಿಯುವುದೇ ಉದ್ಯಮಿಗಳಿಗೆ ಲಾಭಕರ.