ಹಿಂಬದಿಯ ಮಂಜುದೀಪ: ರಫ್ತುದಾರರ ಗಮನಕ್ಕೆ

ದಟ್ಟ ಮಂಜಿನಲ್ಲಿ ಹಿಂದೆ ಬರುವವರನ್ನು ಎಚ್ಚರಿಸುವ ಕೆಂಪು ದೀಪವನ್ನು ವಿಶ್ವಸಂಸ್ಥೆಯ 48ನೇ ವಾಹನ ನಿಯಮವು ಕಾರುಗಳಿಗೆ ಕಡ್ಡಾಯಗೊಳಿಸಿದೆ. ಐರೋಪ್ಯ ಒಕ್ಕೂಟವು ಅದನ್ನೇ ಅನುಸರಿಸುತ್ತದೆ. ಬ್ರಿಟನ್ನಿನಲ್ಲಿ 1980ರ ಏಪ್ರಿಲ್ 1ರಿಂದ ಬಳಕೆಗೆ ಬಂದ ಕಾರುಗಳಿಗೆ ಇದು ಕಡ್ಡಾಯ.

ತೊಡಕಿರುವುದು ದೀಪದ ಸ್ಥಾನದಲ್ಲಿ. ಒಂದೇ ದೀಪವಿದ್ದಲ್ಲಿ ಅದು ನಡುರೇಖೆಯಲ್ಲಾಗಲಿ ರಸ್ತೆಯ ಮಧ್ಯದ ಬದಿಗಾಗಲಿ ಇರತಕ್ಕದ್ದು: ಬ್ರಿಟನ್ನಿಗೆ ಬಲಗಡೆ, ಜರ್ಮನಿಗೆ ಎಡಗಡೆ. ಬ್ರಿಟನ್ನಿಗೆಂದು ತಯಾರಿಸಿದ ಬಲಬದಿಯ ದೀಪಗಳನ್ನು ಆದೇಶ ರದ್ದಾದಾಗ ಜರ್ಮನಿಗೆ ಕಳುಹಿಸಲಾಗದು. ಬೇರೆ ಗಿರಾಕಿ ದೊರೆಯದಿದ್ದರೆ ಆ ದಾಸ್ತಾನನ್ನು ತಯಾರಿಕಾ ವೆಚ್ಚದಲ್ಲಿಯೇ ಲೆಕ್ಕಪುಸ್ತಕದಲ್ಲಿ ತೋರಿಸುವಂತಿಲ್ಲ; ಕೈಗೆ ಬರಬಹುದಾದ ಮೌಲ್ಯಕ್ಕೆ ಇಳಿಸಲೇಬೇಕು. ವರ್ಷಾಂತ್ಯದಲ್ಲಿ ಇದನ್ನು ಕೇಳಲು ಯಾವ ಮಾಲೀಕರಿಗೂ ಇಷ್ಟವಿರುವುದಿಲ್ಲ!

ಎರಡೂ ಬದಿಗೆ ದೀಪವಿಟ್ಟರೆ ಈ ಭೇದವಿಲ್ಲ. ಬಲ್ಬು, ತಂತಿಗಳ ಹೆಚ್ಚುವರಿ ಖರ್ಚನ್ನು ಇಬ್ಬಗೆಯ ದಾಸ್ತಾನಿನ ಖರ್ಚಿನೊಡನೆ ತೂಗಿ ನೋಡಿ ದರ ಸೂಚಿಸುವುದು ಲೇಸು. ಅಮೆರಿಕದ ಆದೇಶಗಳಿಗೆ ಈ ಲೆಕ್ಕಾಚಾರ ಅನಗತ್ಯ. ಅಲ್ಲಿನ 108ನೇ ಫೆಡರಲ್ ಮಾನಕವು ಈ ದೀಪವನ್ನು ಕೇಳುವುದೇ ಇಲ್ಲ.